ತಾಯಿಯ ಬಯಕೆ

ಮಾತೆಯ ಮಹಿಮೆಯನ್ನು ಕುರಿತು ನಮ್ಮ ಪೂರ್ವಿಕರು ಹೇಳದೆ ಬಿಟ್ಟ ಮಾತಿಲ್ಲ. ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ, ವಿದ್ಯಾಭ್ಯಾಸವನ್ನು ಮುಗಿಸಿ ಮನೆಗೆ ಹೊರಟ ಶಿಷ್ಯನಿಗೆ ಬುದ್ಧಿ ಹೇಳುವ ಆಚಾರ್ಯನು, ದೇವರೆಂದು ಭಾವಿಸತಕ್ಕವರ ಪಂಕ್ತಿಯಲ್ಲಿ ತಾಯಿಯನ್ನು ಮೊದಲು ಹೇಳಿ, ತಂದೆಯನ್ನೂ ತನ್ನನ್ನೂ ಅವಳ ಹಿಂದೆ ನಿಲ್ಲಿಸುತ್ತಾನೆ. ಮನುವಂತೂ ಲೆಕ್ಕವನ್ನೇ ಹಾಕಿಟ್ಟಿರುವನು: ಹತ್ತು ಮಂದಿ ಉಪಾಧ್ಯಾಯರಿಗಿಂತ ಒಬ್ಬ ಆಚಾರ್ಯನು ಹೆಚ್ಚು, ನೂರು ಮಂದಿ ಆಚಾರ್ಯರಿಗಿಂತ ಒಬ್ಬ ತಂದೆಯು ಹೆಚ್ಚು, ಸಾವಿರ ಮಂದಿ ತಂದೆಗಳಿಗಿಂತ ಒಬ್ಬ ತಾಯಿಯು ಹೆಚ್ಚು. ಉಪಾಧ್ಯಾಯರಾಗಿದ್ದ ನಾವು ಈ ಲೆಕ್ಕದ ಕಟ್ಟಕಡೆಯ ಮೆಟ್ಟಿಲಿನಲ್ಲಿ ನಿಂತು, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಹುಡುಗರಿಗೆ ಬೋಧಿಸಿದೆವು. ಹೀಗಿದ್ದರೂ ತಾಯಿಯನ್ನು ಕುರಿತ ಒಂದು ಅತಿ ಸಣ್ಣ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿಲ್ಲವೆಂಬುದು ಈಚೆಗೆ ಒಂದು ಭಾನುವಾರ ಬೆಳಿಗ್ಗೆ ನಮ್ಮ ಮೊಮ್ಮಗಳಿಂದ ತಿಳಿದುಬಂದಿತು.

ಮಗುವು ಮೂರನೆಯ ತರಗತಿಯಲ್ಲಿ ಓದುತ್ತಿದೆ. ಮನೆಯ ಹಿರಿಯರೊಬ್ಬರ ವಿಷಯವಾಗಿ ಬರೆದುಕೊಂಡು ಬರುವಂತೆ ಪಾಠಶಾಲೆಯಲ್ಲಿ ಹೇಳಿದ್ದರಂತೆ. ಪೆನ್ಸಿಲನ್ನು ಹಿಡಿದು ನಮ್ಮೆದುರಿಗೆ ಕುಳಿತು, "ತಾತಾ, ನಿಮ್ಮ ಅಮ್ಮನಿಗೆ ಏನೇನು ಇಷ್ಟವಾಗಿತ್ತು? ಐದು ಹೇಳಿ" ಎಂದು ಕೇಳಿತು.

"ಒಬ್ಬಟ್ಟು ಮಾಡುವುದೆಂದರೆ ಬಹಳ ಇಷ್ಟವಮ್ಮಾ" ಎಂದೆವು.

"ಅದು ನಿಮಗಿಷ್ಟ, ತಾತಾ. ಅವರಿಗೆ?"

"ಮಕ್ಕಳನ್ನು ಓದಿಸುವುದು."

"ಅದೂ ನಿಮಗೇ ಆಯಿತು."

ನಾವು ಸುಮ್ಮನಾದೆವು. ಕಾಗದದ ಮೇಲೆ ಒಂದರಿಂದ ಐದರವರೆಗೆ ಅಂಕಿಗಳನ್ನು ಬರೆದು ಮಗುವು ಆಟಕ್ಕೆ ಹೊರಟುಹೋಯಿತು. ಅಂಕಿಗಳ ಮುಂದಿನ ಬರಿಯ ಜಾಗವು ಆ ದಿನವೆಲ್ಲ ನಮ್ಮ ಕಣ್ಣೆದುರಿಗೇ ಇದ್ದಿತು. ನಲವತ್ತು ವರ್ಷಕ್ಕೆ ಮೇಲ್ಪಟ್ಟು ಒಂದೇ ಸೂರಿನ ಕೆಳಗೆ ಬಾಳಿದ ತಾಯಿಗೆ ಯಾವುದು ಪ್ರಿಯವಾಗಿತ್ತೆಂಬುದು ಮಗನಿಗೆ ಗೊತ್ತಿಲ್ಲ! ಅವರು ತೀರಿಕೊಂಡು ಹಲವು ವರ್ಷಗಳಾದುವು. ಇನ್ನು ಕೇಳುವುದಾದರೂ ಯಾರನ್ನು? ನೆನಪನ್ನೇ ಕೆದಕಿ ನೋಡಬೇಕಾಯಿತು. ಆ ಹುಡುಕಾಟದಲ್ಲಿ ದೊರೆತ ನಾಲ್ಕಾರು ಸಂಗತಿಗಳನ್ನು ವಾಚಕರ ಮುಂದಿಡುತ್ತೇವೆ. ಇವು ಕೇವಲ ನಮ್ಮ ಮನೆಯ ಸಂಗತಿಗಳೆಂದು ನಮಗೆ ತೋರುವುದಿಲ್ಲ.

ಮೊದಲು ನೆನಪಿಗೆ ಬಂದುದು ಬಾಗಿಲ ಮುಂದಿನ ರಂಗವಲ್ಲಿ. ನಮ್ಮ ತಾಯಿಯವರು ಬೆಳಕು ಹರಿಯುವ ಮುಂಚೆ ಎದ್ದು, ಅಂಗಳವನ್ನು ಗುಡಿಸಿ, ಸಗಣಿನೀರು ಹಾಕಿ ಸಾರಿಸಿ, ಚುಕ್ಕಿಯಿಟ್ಟು ಎಳೆಯನ್ನೆಳೆಯುವರು. ಕೆಲಸವು ಮುಗಿದೊಡನೆ ಒಳಕ್ಕೆ ಬರುತ್ತಿರಲಿಲ್ಲ. ಎರಡು ಹೆಜ್ಜೆ ಹಿಂದಕ್ಕೆ ಸರಿದು, ತಲೆಯನ್ನು ತುಸು ಓರೆಮಾಡಿ, ತಾವು ಬರೆದುದನ್ನು ತಾವೇ ನೋಡುತ್ತ ನಿಲ್ಲುವರು. ಎಲ್ಲಿಯಾದರೂ ಎಳೆಯು ದಪ್ಪವಾಗಿದ್ದರೆ ಬೆರಳಿನಿಂದ ತಿದ್ದುವರು. ಅದು ಎರಡು ನಿಮಿಷದ ಮಾತು. ಅಷ್ಟರಲ್ಲಿ ಒಳಗಿನಿಂದ ಯಾರಾದರೂ ಕೂಗದೆ ಇರುತ್ತಿರಲಿಲ್ಲ. ನಾವು ಬೈಸಿಕಲ್ಲನ್ನು ಅದರ ಮೇಲೆಯೇ ಉರುಳಿಸಿಕೊಂಡು ಹೋದ ದಿನಗಳೂ ಉಂಟು. ಅವರು ಏನೂ ಅನ್ನುತ್ತಿರಲಿಲ್ಲ. ನಾಳೆ ಬೇರೊಂದು ಬರೆದರಾಯಿತು ಎನ್ನುತ್ತಿದ್ದರು.

ಎರಡನೆಯದು ಕೈತುತ್ತು. ಬೇಸಗೆಯ ಬೆಳದಿಂಗಳ ರಾತ್ರಿಗಳಲ್ಲಿ ಅಂಗಳದಲ್ಲಿ ಚಾಪೆ ಹಾಸಿ, ದೊಡ್ಡ ಬೋಗುಣಿಯಲ್ಲಿ ಹುಳಿಯನ್ನವನ್ನೂ ಆಮೇಲೆ ಮೊಸರನ್ನವನ್ನೂ ಕಲಸಿಕೊಂಡು ಬಂದು ಕುಳಿತರೆ, ನಾವು ಮಕ್ಕಳೆಲ್ಲ ಸುತ್ತ ಕುಳಿತು ಕೈ ಚಾಚುವೆವು. ಮೊಸರನ್ನದ ತುತ್ತಿನ ನಡುವೆ ಹೆಬ್ಬೆರಳಿನಿಂದ ಸಣ್ಣದೊಂದು ಗುಳಿಯನ್ನೊತ್ತಿ, ಅದರಲ್ಲಿ ಉಪ್ಪಿನಕಾಯಿಯ ರಸವನ್ನಿಟ್ಟು, ಒಬ್ಬೊಬ್ಬರ ಅಂಗೈಗೂ ಸುತ್ತಿನಂತೆ ಹಾಕುವರು. ಜೊತೆಗೆ ಕಥೆ. ಆ ಕಥೆಗಳಲ್ಲಿ ರಾಜಕುಮಾರರು ಬರುತ್ತಿದ್ದುದು ಕಡಮೆ. ತಮ್ಮ ತವರಿನ ಹುಣಿಸೆಯ ಮರ, ಕರುವನ್ನು ಹುಡುಕಿಕೊಂಡು ಕೆರೆಯ ಏರಿಯವರೆಗೆ ಹೋದುದು, ತಮ್ಮನೊಡನೆ ಮಾವಿನ ತೋಪಿನಲ್ಲಿ ಸಿಕ್ಕಿಬಿದ್ದುದು, ಇವೇ ಬರುತ್ತಿದ್ದುವು. ಹೊಟ್ಟೆ ತುಂಬಿಸುವುದಕ್ಕಾಗಿ ಕಥೆ ಹೇಳುತ್ತಿರುವರೆಂದು ನಾವು ತಿಳಿದಿದ್ದೆವು. ಕಥೆ ಹೇಳುವುದಕ್ಕಾಗಿ ಇನ್ನೊಂದು ಸುತ್ತು ಬಡಿಸುತ್ತಿದ್ದರೇನೋ ಎಂದು ಈಗ ತೋರುತ್ತದೆ. ಭಾದ್ರಪದದ ಗೌರಿಯ ಹಬ್ಬಕ್ಕೆ ತವರಿನಿಂದ ತಮ್ಮನು ಬಾಗಿನದ ಮೊರವನ್ನು ಹೊತ್ತು ಬಂದಾಗ, ಎಂದೂ ಓಡದ ಅವರು ಹಜಾರವನ್ನು ಓಡಿ ದಾಟಿದುದನ್ನು ನಾವು ಕಂಡಿದ್ದೇವೆ. ಆ ಒಂದು ಗಳಿಗೆಯಲ್ಲಿ ಅವರು ನಮ್ಮ ತಾಯಿಯಾಗಿರಲಿಲ್ಲ. ಯಾರದೋ ಮನೆಯ ಮಗಳಾಗಿದ್ದರು.

ಮೂರನೆಯದು ಕಾಫಿಯ ಸಂಗತಿ. ಇದನ್ನು ತುಸು ವಿಸ್ತಾರವಾಗಿ ಹೇಳಬೇಕಾಗಿದೆ. ಹಿತ್ತಾಳೆಯ ಫಿಲ್ಟರಿನಲ್ಲಿ ಇಳಿದ ಮೊದಲನೆಯ ಡಿಕಾಕ್ಷನ್ನು ನಮ್ಮ ತಂದೆಯವರಿಗೂ ಅತಿಥಿಗಳಿಗೂ ಆಮೇಲೆ ನಮಗೂ ಸಲ್ಲುತ್ತಿತ್ತು. ಅದೇ ಪುಡಿಯ ಮೇಲೆ ಮತ್ತೊಮ್ಮೆ ಬಿಸಿನೀರು ಸುರಿದಾಗ ಇಳಿಯುವ ತೆಳ್ಳನೆಯ ಎರಡನೆಯ ಡಿಕಾಕ್ಷನ್ನು ತಾಯಿಯವರ ಪಾಲಿಗೆ. ಅದನ್ನು ಅವರು, ಎಲ್ಲರೂ ಕೆಲಸಕ್ಕೂ ಶಾಲೆಗೂ ಹೊರಟ ಮೇಲೆ, ಹಿತ್ತಿಲ ಬಾಗಿಲಿನ ಹೊಸ್ತಿಲಾಚೆಯ ಮೆಟ್ಟಿಲಿನ ಮೇಲೆ ಕುಳಿತು ಕುಡಿಯುವರು. ನಮಗೆ ಕೆಲಸವಾಗಿ ಮೊದಲ ಸಂಬಳ ಬಂದಾಗ ಈ ಅನ್ಯಾಯವನ್ನು ನೀಗಿಸಬೇಕೆಂದು ನಿಶ್ಚಯಿಸಿ, ದೊಡ್ಡದೊಂದು ಫಿಲ್ಟರನ್ನು ಕೊಂಡು ತಂದೆವು. ಇನ್ನು ಮೇಲೆ ಅಮ್ಮನಿಗೂ ಮೊದಲನೆಯ ಡಿಕಾಕ್ಷನ್ನೇ, ನಮ್ಮೆಲ್ಲರ ಜೊತೆಯಲ್ಲೇ, ಎಂದು ಆಜ್ಞೆ ಮಾಡಿದೆವು. ಒಂದು ವಾರ ನಡೆಯಿತು. ಆಮೇಲೆ ಒಂದು ದಿನ ಮರೆತ ಪುಸ್ತಕಕ್ಕಾಗಿ ಮನೆಗೆ ಹಿಂತಿರುಗಿದಾಗ, ಅವರು ಹಿತ್ತಿಲ ಮೆಟ್ಟಿಲಿನ ಮೇಲೆ ಅದೇ ತೆಳ್ಳನೆಯ ಕಾಫಿಯನ್ನು ಹಿಡಿದು ಕುಳಿತಿದ್ದರು. ನಮಗೆ ಕೋಪ ಬಂದಿತು. ಅವರು ನಕ್ಕು ಹೇಳಿದರು:

"ನಿನ್ನ ಕಾಫಿ ರುಚಿಯಾಗೇ ಇದೆಯಪ್ಪಾ. ಆದರೆ ಅದನ್ನು ಕುಡಿಯುವಾಗ ನನಗೆ ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ನಿಮ್ಮ ಲೋಟಗಳ ಮೇಲೆ. ಇದನ್ನು ಕುಡಿಯುವ ಹೊತ್ತಿಗೆ ನೀವೆಲ್ಲ ಹೊರಟುಹೋಗಿರುತ್ತೀರಿ. ಬಾವಿಕಟ್ಟೆಗೆ ಅಳಿಲು ಬರುತ್ತೆ. ನೋಡುತ್ತ ಕೂತಿರುತ್ತೇನೆ."

ಅವರು ತ್ಯಾಗ ಮಾಡುತ್ತಿರುವರೆಂದು ನಾವು ಭ್ರಮಿಸಿದ್ದ ಸ್ಥಳದಲ್ಲಿಯೇ ಅವರ ಸುಖವಿದ್ದಿತು. ಇದಕ್ಕೆ ವಿಪರೀತವಾದುದೂ ಉಂಟು. ಅತಿಥಿಗಳಿಗೆ ಬಡಿಸುವುದೆಂದರೆ ಅಮ್ಮನಿಗೆ ಪರಮಾನಂದವೆಂದು ಹೇಳಿಕೊಂಡು, ನಾವು ಹೊತ್ತುಗೊತ್ತಿಲ್ಲದೆ ಸ್ನೇಹಿತರನ್ನು ಊಟಕ್ಕೆ ಕರೆತರುತ್ತಿದ್ದೆವು. ಅವರು ನಗುನಗುತ್ತಲೇ ಬಡಿಸುತ್ತಿದ್ದರು. ಒಂದು ರಾತ್ರಿ ನೀರಿಗೆಂದು ಒಳಕ್ಕೆ ಹೋದಾಗ, ಆರಿಸಿದ್ದ ಒಲೆಯನ್ನು ಮತ್ತೆ ಹಚ್ಚಿ ಅನ್ನಕ್ಕಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಕಣ್ಣು ಮುಚ್ಚಿ ಗೋಡೆಗೊರಗಿ ನಿಂತಿದ್ದುದನ್ನು ಕಂಡೆವು. ಸುಖವೆಂದು ನಾವು ಎಣಿಸಿದ್ದುದು ಆಯಾಸವಾಗಿದ್ದಿತು. ಎರಡು ಎಡೆಯಲ್ಲಿಯೂ ನಮ್ಮ ಊಹೆಯು ತಪ್ಪಿತು; ಎರಡು ಎಡೆಯಲ್ಲಿಯೂ ನಾವು ಅವರನ್ನು ಮೊದಲು ಕೇಳಿರಲಿಲ್ಲ.

ಕೇಳುವುದೆಂದೊಡನೆ, ನಾವು ವರ್ಷವರ್ಷವೂ ಪಾಠ ಹೇಳಿದ ರಘುವಂಶದ ಮೂರನೆಯ ಸರ್ಗವು ನೆನಪಿಗೆ ಬರುತ್ತದೆ. ದಿಲೀಪನ ಪಟ್ಟದ ರಾಣಿ, ಮಗಧರಾಜನ ಮಗಳು ಸುದಕ್ಷಿಣೆಯು ಗರ್ಭಿಣಿಯಾಗಿರುವಳು. ಲಜ್ಜೆಯಿಂದ ಆಕೆ ತನಗೇನು ಬೇಕೆಂದು ಬಾಯಿಬಿಟ್ಟು ಹೇಳಳು. ಆದುದರಿಂದ ಕೋಸಲದ ಚಕ್ರವರ್ತಿಯು ಆಕೆಯ ಸಖಿಯರನ್ನು ಮೇಲಿಂದ ಮೇಲೆ ಆದರದಿಂದ ವಿಚಾರಿಸುವನು: ರಾಣಿಗೆ ಯಾವ ವಸ್ತುವಿನ ಮೇಲೆ ಆಸೆಯಿದೆ? ದೋಹದವೆಂದು ಸಂಸ್ಕೃತದವರು ಕರೆದ ಇದನ್ನು ನಾವು ಬಯಕೆಯೆನ್ನುತ್ತೇವೆ. ಎಷ್ಟು ಬಡವರ ಮನೆಯಾದರೂ ಬಸುರಿಯ ಬಯಕೆಯನ್ನು ಕೇಳದೆ ಇರುವುದಿಲ್ಲ. ಮಾವಿನಕಾಯಿಯೋ ಹುಣಿಸೆಯೋ ಚಕ್ಕುಲಿಯೋ, ಕೇಳಿದುದನ್ನು ಹುಡುಕಿ ತರುವರು. ಮಗು ಹುಟ್ಟಿದೊಡನೆ ಆ ಪ್ರಶ್ನೆಯು ತಾಯಿಯನ್ನು ಬಿಟ್ಟು ಮಗುವಿನ ಕಡೆಗೆ ತಿರುಗಿಬಿಡುತ್ತದೆ. ಆಮೇಲೆ ಐವತ್ತು ಅರುವತ್ತು ವರ್ಷ ಬದುಕಿದರೂ ಆಕೆಯ ಬಯಕೆಯನ್ನು ಮತ್ತೆ ಕೇಳುವವರಿಲ್ಲ. ಒಂಬತ್ತು ತಿಂಗಳಿಗೆ ಮಾತ್ರ ಆಸೆಯೆಂಬುದು ಇರುವುದೇ?

ತಾಯಿಯ ಸುಖಕ್ಕೆ ಬೇಕಾದ ಸಾಮಗ್ರಿಯಾದರೂ ಬಹು ಅಲ್ಪ. ಕೊರತೆಯಿರುವುದು ವೇಳೆಗೆ. ಭಾರತ ಸರ್ಕಾರದವರು 2019ರಲ್ಲಿ ದೇಶದ ಜನರು ದಿನದ ವೇಳೆಯನ್ನು ಹೇಗೆ ಕಳೆಯುವರೆಂಬುದನ್ನು ಸಮೀಕ್ಷೆ ಮಾಡಿಸಿದರು. ಆರು ವರ್ಷಕ್ಕೆ ಮೇಲ್ಪಟ್ಟ ಸ್ತ್ರೀಯರಲ್ಲಿ ನೂರಕ್ಕೆ 81 ಮಂದಿ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ್ದರು. ಪುರುಷರಲ್ಲಿ 26 ಮಂದಿ. ಹಾಗೆ ತೊಡಗಿದ್ದ ಸ್ತ್ರೀಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಮಾಡಿದರೆ, ಪುರುಷರು ವ್ಯಯಮಾಡಿದುದು 97 ನಿಮಿಷಗಳನ್ನು. ಹೆಚ್ಚುಕಡಮೆ ಐದು ಗಂಟೆಗಳು! ಮಿಕ್ಸಿಯೂ ಗ್ಯಾಸಿನ ಒಲೆಯೂ ಬಂದ ಮೇಲಿನ ಲೆಕ್ಕವಿದು. ರಂಗವಲ್ಲಿಯನ್ನು ನೋಡುತ್ತ ನಿಲ್ಲುವ ಎರಡು ನಿಮಿಷಕ್ಕೆ ಇದರಲ್ಲಿ ಸ್ಥಳವೆಲ್ಲಿ?

ಆ ವೇಳೆಯ ಬೆಲೆಯನ್ನು ತಿಳಿದವರೂ ನಮ್ಮ ನಾಡಿನಲ್ಲಿದ್ದರು. ನಂಜನಗೂಡಿನ ತಿರುಮಲಾಂಬಾ ಅವರು 1913ರಲ್ಲಿ 'ಸತೀಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿದುದೂ, ಆಮೇಲೆ ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 'ಸರಸ್ವತಿ' ಪತ್ರಿಕೆಯನ್ನು ದಶಕಗಳ ಕಾಲ ನಡೆಸಿದುದೂ, ಗೃಹಿಣಿಯ ಕೈಗೆ ಓದುವುದಕ್ಕೆ ಏನಾದರೂ ಸಿಕ್ಕಬೇಕೆಂಬ ಕಳಕಳಿಯಿಂದಲೇ. ಶ್ರೀಮತಿ ಎಂ. ಕೆ. ಇಂದಿರಾ ಅವರು 1917ರಲ್ಲಿ ಹುಟ್ಟಿದವರು. ಅವರ ಮೊದಲ ಕಾದಂಬರಿ 'ತುಂಗಭದ್ರಾ' ಪ್ರಕಟವಾದುದು 1963ರಲ್ಲಿ. ಸಂಸಾರದ ನಡುವೆ ಅಷ್ಟು ವರ್ಷ ಮನಸ್ಸಿನಲ್ಲಿ ಏನೇನಿದ್ದಿತೋ! ನಮ್ಮ ತಾಯಿಯವರು ಏನನ್ನೂ ಬರೆದವರಲ್ಲ. ಆದರೆ ಮಧ್ಯಾಹ್ನ ಮುಸುರೆಯ ಕೆಲಸ ಮುಗಿದ ಮೇಲೆ, ಪಕ್ಕದ ಮನೆಯಿಂದ ಎರವಲು ತಂದ ಮಾಸಪತ್ರಿಕೆಯನ್ನು ಹಿಡಿದು ಕಿಟಕಿಯ ಬಳಿ ಕುಳಿತುಕೊಳ್ಳುವರು. ಧಾರಾವಾಹಿಯ ಪುಟವನ್ನೇ ಮೊದಲು ತೆಗೆಯುವರು. ನಾವು ಶಾಲೆಯಿಂದ ಬಂದೊಡನೆ ಪುಟದ ಮೂಲೆಯನ್ನು ಮಡಿಸಿಟ್ಟು ಏಳುವರು. ಎಷ್ಟೋ ಸಲ ಆ ಮಡಿಕೆಯು ಮಾರನೆಯ ದಿನವೂ ಅಲ್ಲಿಯೇ ಇರುತ್ತಿದ್ದಿತು.

ಈಗ ವರ್ಷಕ್ಕೊಮ್ಮೆ ಮೇ ತಿಂಗಳಿನಲ್ಲಿ ತಾಯಂದಿರ ದಿನವನ್ನು ಆಚರಿಸುವುದು ನಮ್ಮ ಪಟ್ಟಣಗಳಿಗೂ ಬಂದಿದೆ. ಇದರ ಮೂಲವು ಅಮೆರಿಕಾ ದೇಶ. ಆನಾ ಜಾರ್ವಿಸ್ ಎಂಬಾಕೆಯು ತನ್ನ ತಾಯಿಯ ಸ್ಮರಣೆಗಾಗಿ 1908ರಲ್ಲಿ ಇದನ್ನು ಮೊದಲುಮಾಡಿದಳು. 1914ರಲ್ಲಿ ಅಧ್ಯಕ್ಷ ವಿಲ್ಸನ್ನರು ಮೇ ತಿಂಗಳ ಎರಡನೆಯ ಭಾನುವಾರವನ್ನು ಇದಕ್ಕಾಗಿ ಘೋಷಿಸಿದರು. ಬರಬರುತ್ತ ಅದು ಹೂವು, ಮಿಠಾಯಿ, ಅಚ್ಚುಹಾಕಿದ ಶುಭಾಶಯ ಪತ್ರಗಳ ವ್ಯಾಪಾರವಾಗಿ ಪರಿಣಮಿಸಲು, ಅದೇ ಆನಾ ಜಾರ್ವಿಸ್ ಮನನೊಂದು, 1948ರಲ್ಲಿ ಸಾಯುವವರೆಗೂ ಆ ವ್ಯಾಪಾರವನ್ನು ವಿರೋಧಿಸುತ್ತಲೇ ಇದ್ದಳು. ಅಂಗಡಿಯಲ್ಲಿ ಕೊಂಡು ತಂದುದನ್ನು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ತ್ಯಾಗಮೂರ್ತಿಯೆಂದು ಹೊಗಳಿ ಕೈಮುಗಿಯುವುದು ಇನ್ನೂ ಸುಲಭ. ಮೂರ್ತಿಗೆ ಬಯಕೆಯಿಲ್ಲವಾದುದರಿಂದ ಕೇಳುವ ತೊಂದರೆಯೇ ತಪ್ಪಿತು.

ಇಷ್ಟನ್ನು ಯೋಚಿಸಿದ ಮೇಲೆ ನಮಗೊಂದು ನಾಚಿಕೆಯು ಹುಟ್ಟಿತು. ಗತಿಸಿದವರನ್ನು ಕೇಳುವ ಹಾಗಿಲ್ಲ. ಆದರೆ ಮನೆಯಲ್ಲಿ ಇನ್ನೊಬ್ಬ ತಾಯಿ ಇರುವರಷ್ಟೆ? ಅಂದು ಸಂಜೆ ನಮ್ಮ ಗೃಹಿಣಿಯನ್ನು, "ನಿನಗೆ ಏನು ಇಷ್ಟ?" ಎಂದು ಕೇಳಿದೆವು. ಆಕೆ ಮೊದಲು, "ಯಾಕ್ರೀ, ಮೈ ಸರಿಯಾಗಿಲ್ಲವೇ?" ಎಂದಳು. ಮತ್ತೆ ಕೇಳಿದಾಗ ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: "ದೀಪ ಹಚ್ಚಿದ ಮೇಲೆ ಕಾಲು ಗಂಟೆ ಜಗಲಿಯ ಮೇಲೆ ಕೂರಬೇಕು. ಯಾರೂ ಏನೂ ಕೇಳಬಾರದು. ಇದನ್ನೂ ಕೇಳಬಾರದು."

ಆ ಕಾಲು ಗಂಟೆ ಈಗ ನಮ್ಮ ಮನೆಯಲ್ಲಿ ನಡೆದುಬರುತ್ತಿದೆ. ಆ ಹೊತ್ತಿಗೆ ರಾತ್ರಿಯ ಅಡಿಗೆಗೆ ಬೇಕಾದ ತರಕಾರಿಯನ್ನು ನಾವು ಹೆಚ್ಚುತ್ತೇವೆ. ಹುರುಳಿಕಾಯಿಯ ನಾರು ತೆಗೆಯುವುದರಲ್ಲಿ ನಮ್ಮ ಕೈ ಇನ್ನೂ ಪಳಗಿಲ್ಲವೆಂದು ದೂರು ಇದೆ.

ಮೊಮ್ಮಗಳ ಕಾಗದವೂ ತುಂಬಿತು. ಬರೆದ ರಂಗವಲ್ಲಿಯನ್ನು ನೋಡುವುದು, ತವರಿನ ಕಥೆ ಹೇಳುವುದು, ತಮ್ಮನು ಬರುವುದು, ಮಧ್ಯಾಹ್ನದ ಧಾರಾವಾಹಿ, ಎರಡನೆಯ ಡಿಕಾಕ್ಷನ್ನಿನ ಕಾಫಿ. ಕಡೆಯದರ ಮುಂದೆ ಮಗುವು ತಾನಾಗಿಯೇ ಒಂದು ಅಳಿಲಿನ ಚಿತ್ರವನ್ನೂ ಬರೆಯಿತು. ವಾಚಕರಲ್ಲಿ ಯಾರ ತಾಯಿಯವರು ಇನ್ನೂ ಇರುವರೋ ಅವರು ಈ ಪುಟವನ್ನು ಮಡಿಸಿಟ್ಟು, ಒಳಕ್ಕೆ ಹೋಗಿ, ಈಗಲೇ ಕೇಳಬೇಕೆಂದು ನಮ್ಮ ಪ್ರಾರ್ಥನೆ. ಮೊದಲ ಸಲ ಅವರು ಏನೂ ಇಲ್ಲವೆನ್ನುವರು. ಎರಡನೆಯ ಸಲ ಕೇಳಬೇಕು.