ನೋಯ್ಡಾಕ್ಕೆ ನೆಂಟರು ಬಂದಾಗ: ಹೋಟೆಲೋ, ದಿನಬಾಡಿಗೆಯ ಮನೆಯೋ?

ಊರಿನಿಂದ ನೆಂಟರು ಬರುತ್ತಾರೆಂದರೆ ರಾಜಧಾನಿ ಪ್ರದೇಶದ ಕನ್ನಡಿಗರ ಮನೆಗಳಲ್ಲಿ ಸಡಗರವೇ ಸಡಗರ. ಆದರೆ ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ಗೃಹಪ್ರವೇಶಕ್ಕೋ ಉಪನಯನಕ್ಕೋ ಬಂದ ಆರೇಳು ಮಂದಿಗೆ ಜಾಗ ಎಲ್ಲಿ? ಹಿಂದೆ ಹಾಲಿನಲ್ಲಿ ಜಮಖಾನ ಹಾಸಿದರೆ ಸಾಕಾಗುತ್ತಿತ್ತು. ಈಗ ಮಂಡಿನೋವಿನ ಹಿರಿಯರನ್ನು ನೆಲದ ಮೇಲೆ ಮಲಗಿಸಲಾಗದು. ಮನೆಗೆ ಬಂದವರನ್ನು ಹೊರಗೆ ಇಳಿಸುವುದೇ ಎಂಬ ಸಂಕೋಚವೂ ನಮ್ಮನ್ನು ಬಿಡದು. ಚಾಣಕ್ಯಪುರಿಯ ಕರ್ನಾಟಕ ಭವನದಲ್ಲಿ ಕೊಠಡಿ ದೊರೆಯುವುದು ಸರ್ಕಾರದ ನಿಯಮಕ್ಕೂ ಲಭ್ಯತೆಗೂ ಒಳಪಟ್ಟ ಮಾತು. ಹೀಗಾಗಿ ಬಹುತೇಕ ಕುಟುಂಬಗಳ ಮುಂದೆ ಉಳಿಯುವುದು ಎರಡೇ ದಾರಿ: ಹೋಟೆಲು, ಇಲ್ಲವೇ ದಿನಬಾಡಿಗೆಗೆ ಸಿಗುವ ಸಜ್ಜಿತ ಅಪಾರ್ಟ್‌ಮೆಂಟು.

ನಮ್ಮ ಅನುಭವ

ಎರಡು ಚಳಿಗಾಲಗಳ ಹಿಂದೆ ನಾವು ಅಂತರಜಾಲದ ಮೂಲಕ ಒಂದು ಅಪಾರ್ಟ್‌ಮೆಂಟನ್ನು ಕಾಯ್ದಿರಿಸಿದ್ದೆವು. ಮಂಜು ಕವಿದು ವಿಮಾನ ತಡವಾಗಿ, ಶಿವಮೊಗ್ಗದಿಂದ ಬಂದ ದೊಡ್ಡಮ್ಮನವರನ್ನು ಕರೆದುಕೊಂಡು ಗೇಟಿನ ಬಳಿ ತಲುಪಿದಾಗ ನಡುರಾತ್ರಿ ಕಳೆದಿತ್ತು. ದಿನಬಾಡಿಗೆಯವರನ್ನು ಒಳಗೆ ಬಿಡಬಾರದೆಂದು ಅಲ್ಲಿನ ನಿವಾಸಿಗಳ ಸಂಘ ನಿರ್ಣಯಿಸಿದೆ ಎಂದು ಕಾವಲುಗಾರ ಹೇಳಿದ. ಮಾಲೀಕರ ದೂರವಾಣಿ ಬಂದ್. ಒಂದು ಗಂಟೆ ಕಾರಿನಲ್ಲೇ ನಡುಗುತ್ತ ಕುಳಿತ ದೊಡ್ಡಮ್ಮ ಕೊನೆಗೆ, "ನಿಮ್ಮ ಮನೆಗೇ ನಡೆಯಿರಪ್ಪ, ಒಂದು ಚಾಪೆ ಸಾಕು" ಎಂದರು. ತಪ್ಪು ಕಾವಲುಗಾರನದಲ್ಲ. ಮೊದಲೇ ಕೇಳಬೇಕಾದುದನ್ನು ಕೇಳದೆ ಇದ್ದ ನಮ್ಮದು.

ಖರ್ಚಿನ ಲೆಕ್ಕ

ಬಾಡಿಗೆಯ ಅಂಕಿಯೊಂದನ್ನೇ ನೋಡಿ ನಿರ್ಧರಿಸುವುದು ಸರಿಯಲ್ಲ. ಉದಾಹರಣೆಗೆ, ಆರು ಮಂದಿಗೆ ಹೋಟೆಲಿನಲ್ಲಿ ದಿನಕ್ಕೆ 3,500 ರೂಪಾಯಿಯ ಎರಡು ಕೊಠಡಿಗಳು ಬೇಕೆಂದುಕೊಳ್ಳೋಣ. ದಿನಕ್ಕೆ 7,500 ರೂಪಾಯಿಯವರೆಗಿನ ಕೊಠಡಿಗೆ 2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ಶೇಕಡಾ 5. ಅದಕ್ಕೂ ಮೊದಲು ಶೇಕಡಾ 12 ಇತ್ತು. ಒಂದು ರಾತ್ರಿಗೆ ತೆರಿಗೆ ಸೇರಿ 7,350 ರೂಪಾಯಿ, ನಾಲ್ಕು ರಾತ್ರಿಗೆ 29,400 ರೂಪಾಯಿ.

ಅದೇ ಆರು ಮಂದಿಗೆ ಸಾಲುವ ಅಪಾರ್ಟ್‌ಮೆಂಟಿನ ಬಾಡಿಗೆ ದಿನಕ್ಕೆ 6,000 ರೂಪಾಯಿ, ಒಮ್ಮೆ ಮಾತ್ರ ಕೊಡುವ ಶುಚಿತ್ವ ಶುಲ್ಕ 1,500 ರೂಪಾಯಿ ಎಂದಿಟ್ಟುಕೊಳ್ಳೋಣ. ಇದೇ ದರದ ತೆರಿಗೆ ಸೇರಿದರೆ ಒಂದು ರಾತ್ರಿಗೆ 7,875, ನಾಲ್ಕು ರಾತ್ರಿಗೆ 26,775. ಅಂದರೆ ಒಂದು ರಾತ್ರಿಯ ಮಟ್ಟಿಗೆ ಹೋಟೆಲು ಅಗ್ಗ. ದಿನಗಳು ಹೆಚ್ಚಿದಂತೆ ಮನೆಯೇ ಲಾಭದಾಯಕ. ಜಾಲತಾಣದ ಸೇವಾಶುಲ್ಕವೂ ಭದ್ರತಾ ಠೇವಣಿಯೂ ಬೇರೆ ಇರಬಹುದು. ಹೋಟೆಲಿನ ದರದಲ್ಲಿ ಬೆಳಗಿನ ತಿಂಡಿ ಸೇರಿದೆಯೇ ಎಂಬುದನ್ನೂ ಗಮನಿಸಬೇಕು.

ಅಡುಗೆಮನೆಯ ಬೆಲೆ

ಹಣಕ್ಕಿಂತ ದೊಡ್ಡ ವಿಷಯ ಊಟದ್ದು. ಸಕ್ಕರೆ ಕಾಯಿಲೆಯವರು, ಹೊರಗಿನ ಊಟ ಒಗ್ಗದವರು, ಮಡಿಯಲ್ಲಿ ಅಡುಗೆ ಮಾಡಿಕೊಳ್ಳುವವರು ಇದ್ದರೆ ಒಲೆ, ಕುಕ್ಕರು, ಶುದ್ಧ ನೀರಿನ ಯಂತ್ರ ಇರುವ ಮನೆಯೇ ಹಿತ. ಬಿಸಿ ಅನ್ನ, ತಿಳಿಸಾರು ಕೈಗೆ ಸಿಕ್ಕರೆ ಹಿರಿಯರಿಗೆ ಪರಊರು ಅರ್ಧ ನಮ್ಮೂರೇ ಆಗುತ್ತದೆ. ಆದರೆ ಆ ಅಡುಗೆಯ ಹೊರೆ ಯಾರ ಮೇಲೆ ಬೀಳುತ್ತದೆಂಬುದನ್ನೂ ಯೋಚಿಸಬೇಕು. ಪ್ರವಾಸಕ್ಕೆಂದು ಬಂದ ಅತ್ತಿಗೆಯೋ ಚಿಕ್ಕಮ್ಮನೋ ಇಲ್ಲಿಯೂ ಪಾತ್ರೆ ತೊಳೆಯುತ್ತ ನಿಲ್ಲುವಂತಾದರೆ ಆ ಉಳಿತಾಯಕ್ಕೆ ಅರ್ಥವಿಲ್ಲ. ಅಂಥವರಿಗೆ ಹೋಟೆಲೇ ನಿಜವಾದ ವಿಶ್ರಾಂತಿ.

ಹೋಟೆಲಿನ ಇನ್ನೊಂದು ಅನುಕೂಲವೆಂದರೆ ರಾತ್ರಿಯೂ ಸ್ವಾಗತಕಟ್ಟೆಯಲ್ಲಿ ಒಬ್ಬರು ಇರುವುದು. ಗೀಸರ್ ಕೆಟ್ಟರೆ ಅಥವಾ ಯಾರಿಗಾದರೂ ಎದೆನೋವು ಬಂದರೆ ಕೂಗಿದೊಡನೆ ನೆರವು ದೊರೆಯುತ್ತದೆ.

ಸ್ಥಳವೂ ಕಾಗದಪತ್ರಗಳೂ

ನೋಯ್ಡಾ ಎಂಬ ಒಂದೇ ಹೆಸರಿನಡಿ ಬಹು ದೂರದೂರದ ಸೆಕ್ಟರುಗಳಿವೆ. ದೆಹಲಿ ನೋಡುವ ಆಸೆಯಿದ್ದರೆ ನೀಲಿ ಮತ್ತು ಮೆಜೆಂಟಾ ಮಾರ್ಗಗಳು ಸಂಧಿಸುವ ಬೊಟಾನಿಕಲ್ ಗಾರ್ಡನ್ ನಿಲ್ದಾಣದ ಸುತ್ತಮುತ್ತ ಇಳಿಯುವುದು ಒಳ್ಳೆಯದು. ಮೆಜೆಂಟಾ ಮಾರ್ಗದಲ್ಲಿ ಹೌಜ್ ಖಾಸ್‌ಗೆ ಹೋಗಿ ಹಳದಿ ಮಾರ್ಗಕ್ಕೆ ಬದಲಾಯಿಸಿದರೆ ಏಮ್ಸ್ ಆಸ್ಪತ್ರೆಯನ್ನು ತಲುಪಬಹುದು. ಆದರೆ ದಿನವೂ ಆಸ್ಪತ್ರೆಗೆ ಅಲೆಯಬೇಕಾದ ರೋಗಿಗೆ ನೋಯ್ಡಾಕ್ಕಿಂತ ಆಸ್ಪತ್ರೆಯ ಸಮೀಪದ ವಸತಿಯೇ ಮೇಲು.

ಎಲ್ಲಿ ಇಳಿದರೂ ಪ್ರತಿಯೊಬ್ಬ ವಯಸ್ಕರ ಗುರುತಿನ ಚೀಟಿ ಜೊತೆಯಲ್ಲಿರಲಿ. ಆಧಾರ್ ಪ್ರತಿ ಕೊಡುವಾಗ ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಬಳಸುವುದು ಕ್ಷೇಮ. ವಿದೇಶಿ ಪಾಸ್‌ಪೋರ್ಟ್ ಹೊಂದಿದ ಬಂಧುಗಳಿದ್ದರೆ, ವಸತಿ ಕೊಡುವವರು 24 ಗಂಟೆಗಳೊಳಗೆ ನಿಗದಿತ ನಮೂನೆಯಲ್ಲಿ ಮಾಹಿತಿ ಸಲ್ಲಿಸಬೇಕು. ಈ ಕೆಲಸ ಹೋಟೆಲುಗಳಿಗೆ ಅಭ್ಯಾಸವಾಗಿದೆ. ಮನೆಯ ಮಾಲೀಕರನ್ನು ಮಾತ್ರ ಮೊದಲೇ ಕೇಳಿಕೊಳ್ಳಬೇಕು.

ಹಣ ಕೊಡುವ ಮೊದಲು ಕೇಳಬೇಕಾದವು

1. ದಿನಬಾಡಿಗೆಗೆ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಒಪ್ಪಿಗೆ ಇದೆಯೇ? ಗೇಟಿನಲ್ಲಿ ಅತಿಥಿಗಳ ಹೆಸರು ಬರೆಸಲಾಗುವುದೇ?
2. ತಡರಾತ್ರಿ ಬಂದರೆ ಬೀಗದಕೈ ಕೊಡುವವರು ಯಾರು? ಅವರ ಎರಡನೆಯ ದೂರವಾಣಿ ಸಂಖ್ಯೆ ಯಾವುದು?
3. ಲಿಫ್ಟ್, ವಿದ್ಯುತ್ ಹೋದಾಗ ಬದಲಿ ವ್ಯವಸ್ಥೆ, ಬಿಸಿನೀರು, ಕಮೋಡ್ ಇವೆಯೇ?
4. ಪ್ರಯಾಣ ರದ್ದಾದರೆ ಎಷ್ಟು ಹಣ ಹಿಂದಿರುಗುತ್ತದೆ? ಮಂಜಿನ ತಿಂಗಳುಗಳಲ್ಲಿ ಇದು ಮುಖ್ಯ.

ಒಟ್ಟಿನಲ್ಲಿ ಒಂದೆರಡು ರಾತ್ರಿ, ಚಿಕ್ಕ ಕುಟುಂಬ, ಹೊತ್ತಲ್ಲದ ಹೊತ್ತಿನ ಆಗಮನ ಇವಿದ್ದರೆ ಹೋಟೆಲು. ಮೂರು ನಾಲ್ಕು ದಿನಕ್ಕಿಂತ ಹೆಚ್ಚು, ಐದಾರು ಮಂದಿ, ಪಥ್ಯದ ಊಟ ಇವಿದ್ದರೆ ಸಂಘದ ಒಪ್ಪಿಗೆಯುಳ್ಳ ಮನೆ. ರಾತ್ರಿ ಎಲ್ಲಿ ಮಲಗಿದರೂ ಹಗಲಿನ ಒಂದು ಊಟವನ್ನಾದರೂ ನಮ್ಮ ಮನೆಯಲ್ಲಿ ಬಡಿಸೋಣ. ದೊಡ್ಡಮ್ಮ ಮರುದಿನ ಹತ್ತಿರದ ಹೋಟೆಲಿಗೆ ಹೋದರೂ ಸಂಜೆಯ ಕಾಫಿಗೆ ತಪ್ಪದೆ ನಮ್ಮಲ್ಲಿಗೇ ಬರುತ್ತಿದ್ದರು. ಹೊರಗೆ ಇಳಿಸಿದರೆಂಬ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.