ಐದು ನಿಮಿಷದ ನಡುಕ, ಇನ್ನೂರು ವರ್ಷದ ಹೊರೆ

1950ರ ಆಗಸ್ಟ್ 15. ಸ್ವಾತಂತ್ರ್ಯ ಬಂದು ಮೂರು ವರ್ಷ ತುಂಬಿದ ದಿನ. ಸಂಜೆ 7 ಗಂಟೆ 39 ನಿಮಿಷಕ್ಕೆ ಅಸ್ಸಾಂ ಮತ್ತು ಟಿಬೆಟ್ ನಡುವಿನ ಮಿಶ್ಮಿ ಬೆಟ್ಟಸಾಲು ಬುಡಸಹಿತ ಅಲುಗಾಡಿತು. ಪ್ರಮಾಣ 8.6. ಕಡಲತಳದಲ್ಲಿ ಹುಟ್ಟುವ ದೈತ್ಯ ಭೂಕಂಪಗಳನ್ನು ಬದಿಗಿಟ್ಟರೆ, ಉಪಕರಣಗಳು ದಾಖಲಿಸಿದವುಗಳಲ್ಲಿ ಇದೇ ಹಿರಿಯದು. ಎರಡು ಭೂಖಂಡಗಳ ಗುದ್ದಾಟದಿಂದ ಹುಟ್ಟಿದ ಯಾವ ಭೂಕಂಪವೂ ಈವರೆಗೆ ಇದನ್ನು ಮೀರಿಸಿಲ್ಲ. ಅಸ್ಸಾಮಿನಲ್ಲಿ ಲೆಕ್ಕಕ್ಕೆ ಸಿಕ್ಕ ಸಾವು 1,526. ಟಿಬೆಟ್ ಕಡೆಯದನ್ನೂ ಸೇರಿಸಿದ ಅಂದಾಜು ಸುಮಾರು 4,800.

ಈಗ 1993ರ ಸೆಪ್ಟೆಂಬರ್ 30ನ್ನು ನೆನಪಿಸಿಕೊಳ್ಳಿ. ಲಾತೂರು ಜಿಲ್ಲೆಯ ಕಿಲ್ಲಾರಿಯನ್ನು ನೆಲಸಮ ಮಾಡಿ, ನಮ್ಮ ಬೀದರ್, ಗುಲ್ಬರ್ಗಾದವರನ್ನೂ ನಸುಕಿನಲ್ಲಿ ಹೊರಗೆ ಓಡಿಸಿದ ಭೂಕಂಪದ ಪ್ರಮಾಣ 6.2. ಈ ಮಾಪನದಲ್ಲಿ ಒಂದು ಅಂಕ ಏರಿದರೆ ಹೊಮ್ಮುವ ಶಕ್ತಿ ಸುಮಾರು 32 ಪಟ್ಟಾಗುತ್ತದೆ. ಎರಡು ಅಂಕ ಏರಿದರೆ 1,000 ಪಟ್ಟು. 6.2ಕ್ಕೂ 8.6ಕ್ಕೂ ಇರುವ 2.4 ಅಂಕಗಳ ಅಂತರವೆಂದರೆ ಸುಮಾರು 4,000 ಪಟ್ಟು. ಅಂದರೆ ಲಾತೂರಿನಂಥ ನಾಲ್ಕು ಸಾವಿರ ಭೂಕಂಪಗಳ ಶಕ್ತಿ ಆ ಒಂದು ಸಂಜೆ ಮಿಶ್ಮಿ ಬೆಟ್ಟಗಳಡಿಯಿಂದ ಸಿಡಿದೆದ್ದಿತು. ಆದರೂ ಲಾತೂರಿನಲ್ಲಿ ಸತ್ತವರು ಎಂಟರಿಂದ ಹತ್ತು ಸಾವಿರ ಜನ.

ಕಾರಣ ಮನೆಗಳಲ್ಲಿದೆ. ಮರಾಠವಾಡದವು ದಪ್ಪ ಕಲ್ಲುಗೋಡೆಗಳು, ಅವುಗಳ ಮೇಲೆ ಮಣ್ಣು ಹೊರಿಸಿದ ಮಾಳಿಗೆ. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ನೆಲ ಅಲುಗಿದಾಗ ಮಲಗಿದ್ದವರ ಮೇಲೆ ಮಾಳಿಗೆಯೇ ಕುಸಿಯಿತು. ಅಸ್ಸಾಂ 1897ರಲ್ಲೇ ಶಿಲ್ಲಾಂಗ್ ಭೂಕಂಪದಿಂದ ಪಾಠ ಕಲಿತಿತ್ತು. ಮರದ ಚೌಕಟ್ಟು, ಮಣ್ಣು ಮೆತ್ತಿದ ಜೊಂಡು-ಬಿದಿರಿನ ತಡಿಕೆ, ತಗಡಿನ ಸೂರು: ಆ ಬಳಿಕ ಬಳಕೆಗೆ ಬಂದ ಈ ಹಗುರ ಮನೆಗಳಿಗೆ ‘ಅಸ್ಸಾಂ ಮಾದರಿ’ ಎಂದೇ ಹೆಸರು. ಬೆಟ್ಟದ ಹಳ್ಳಿಗಳವರದು ಕಂಬಗಳ ಮೇಲೆ ನಿಂತ ಬಿದಿರಿನ ಮನೆ. ಹೊತ್ತೂ ಸಂಜೆಯದು, ಜನ ಎಚ್ಚರವಾಗಿದ್ದರು. ಹಾಗಾಗಿ 1950ರ ಭೂಕಂಪದ ಗಾತ್ರ ತಿಳಿಯಬೇಕಾದರೆ ಸಾವಿನ ಪಟ್ಟಿಯನ್ನು ಮಡಿಸಿಟ್ಟು ಬೆಟ್ಟ, ನದಿಗಳ ಲೆಕ್ಕ ತೆಗೆಯಬೇಕು.

ಭೂಕಂಪದ ಕೇಂದ್ರ ಟಿಬೆಟಿನ ರೀಮಾ ಎಂಬ ಊರಿನ ಹತ್ತಿರ. ಗಿಡಮರಗಳನ್ನು ಹುಡುಕುತ್ತ ಏಷ್ಯಾದ ಬೆಟ್ಟಗಳನ್ನು ಅಲೆದ ಫ್ರಾಂಕ್ ಕಿಂಗ್ಡನ್-ವಾರ್ಡ್ ಆ ಸಂಜೆ ಪತ್ನಿ ಜೀನ್ ಜೊತೆ ಅಲ್ಲಿಯೇ ಬಿಡಾರ ಹೂಡಿದ್ದರು. ನಡುಕ ಐದು ನಿಮಿಷದಷ್ಟು ನಡೆಯಿತು. ಅದು ತಗ್ಗುತ್ತಿದ್ದಂತೆ ಆಕಾಶದ ಕಡೆಯಿಂದ ಒಂದರ ಹಿಂದೊಂದು ಸ್ಫೋಟದಂಥ ಸದ್ದು ಕೇಳಿಸಿತೆಂದು ಬದುಕಿ ಮರಳಿದ ಮೇಲೆ ಅವರು ಬರೆದರು. ಅಲ್ಲಿಂದ ಐನೂರು ಕಿಲೋಮೀಟರಿಗೂ ಆಚೆ, ಲಾಸಾದಲ್ಲಿದ್ದ 15 ವರ್ಷದ ದಲೈ ಲಾಮಾ ಕೂಡ ಆಕಾಶದಲ್ಲಿ ಸ್ಫೋಟದಂಥ ಸದ್ದು ಕೇಳಿದ್ದನ್ನು ಮುಂದೆ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಕಲ್ಕತ್ತೆಗೂ ನಡುಕ ತಟ್ಟಿತು. ಏಳು ಸಾವಿರ ಕಿಲೋಮೀಟರ್ ದೂರದ ನಾರ್ವೆಯಲ್ಲಿ ಕೊಲ್ಲಿಗಳ, ಸರೋವರಗಳ ನೀರು ತುಯ್ದಾಡಿತು. ಈ ತುಯ್ದಾಟಕ್ಕೆ ಭೂಕಂಪವೇ ಕಾರಣವೆಂದು ತೋರಿಸಿಕೊಟ್ಟವರು ನಾರ್ವೆಯ ವಿಜ್ಞಾನಿ ಆಂಡರ್ಸ್ ಕ್ವಾಲೆ.

ಇನ್ನು ಬೆಟ್ಟಗಳ ಲೆಕ್ಕ. ಭೂಕುಸಿತ ಆವರಿಸಿದ ಪ್ರದೇಶ ಸುಮಾರು 15,000 ಚದರ ಕಿಲೋಮೀಟರ್. ಅಬೋರ್ ಬೆಟ್ಟಗಳಲ್ಲೇ ಸುಮಾರು 70 ಹಳ್ಳಿಗಳು ನಾಶವಾದವು. ಜಾರಿ ಬಿದ್ದ ಕಲ್ಲುಮಣ್ಣು 4,700 ಕೋಟಿ ಘನ ಮೀಟರ್ ಎಂಬುದು 1953ರಲ್ಲಿ ಪ್ರಕಟವಾದ ಅಂದಾಜು. ಓದಿದ ಕೂಡಲೇ ಮನಸ್ಸಿಗೆ ಇಳಿಯುವ ಸಂಖ್ಯೆಯಲ್ಲ ಇದು. ಕನ್ನಂಬಾಡಿ ಕಟ್ಟೆ ಅಂಚಿನವರೆಗೆ ತುಂಬಿದರೆ ಹಿಡಿಯುವ ನೀರು 49 ಟಿಎಂಸಿ, ಎಂದರೆ ಸುಮಾರು 140 ಕೋಟಿ ಘನ ಮೀಟರ್. ಆ ಜಲಾಶಯವನ್ನು ನೀರಿನ ಬದಲು ಮಣ್ಣಿನಿಂದ ಭರ್ತಿ ಮಾಡುತ್ತ ಹೋದರೆ 33 ಸಲ ತುಂಬಿದ ಮೇಲೂ ಮಣ್ಣು ಉಳಿಯುತ್ತದೆ.

ಇಷ್ಟು ಮಣ್ಣು ಬಿದ್ದದ್ದು ಲೋಹಿತ್, ದಿಬಾಂಗ್, ದಿಹಾಂಗ್, ಸುಬನ್‌ಸಿರಿ ನದಿಗಳ ಕಣಿವೆಗಳಿಗೆ. ಮೊದಲ ಮೂರು ಕೂಡಿದರೆ ಬ್ರಹ್ಮಪುತ್ರ. ನಾಲ್ಕನೆಯದು ಅದರ ದೊಡ್ಡ ಉಪನದಿ. ಕುಸಿದ ಗುಡ್ಡಗಳು ಹರಿವಿಗೆ ಅಡ್ಡ ಕೂತು ತಾವೇ ಕಟ್ಟೆಗಳಾದವು. ಸುಬನ್‌ಸಿರಿಯ ಕಟ್ಟೆ ಎಂಟು ದಿನ ನೀರು ಹಿಡಿದಿಟ್ಟು ಒಡೆಯಿತು. 7 ಮೀಟರ್ ಎತ್ತರದ ಅಲೆ ಕೆಳಗಿನ ಹಳ್ಳಿಗಳ ಮೇಲೆರಗಿ 532 ಜನರನ್ನು ಕೊಂದಿತು. ನೆಲ ಅಲುಗಿದಾಗ ಉಳಿದುಕೊಂಡವರನ್ನು ಮರುವಾರ ನೀರು ಒಯ್ದಿತ್ತು.

ಮಿಕ್ಕ ಮಣ್ಣು ಏನಾಯಿತು? ಮುಂದಿನ ದಶಕಗಳಲ್ಲಿ ಗುವಾಹಟಿಯ ಪಾಂಡು ಎಂಬಲ್ಲಿ ಬ್ರಹ್ಮಪುತ್ರ ವರ್ಷಕ್ಕೆ ಸರಾಸರಿ 40 ಕೋಟಿ ಟನ್ ಹೂಳು ಸಾಗಿಸುತ್ತಿದ್ದುದನ್ನು ಅಳೆದಿದ್ದಾರೆ. ಜಗತ್ತಿನಲ್ಲಿ ಅತಿ ಹೆಚ್ಚು ಹೂಳು ಹೊರುವ ನದಿಗಳ ಸಾಲಿನದು ಅದು. ಘನ ಮೀಟರಿಗೆ ಎರಡು ಟನ್ ಹಿಡಿದರೆ, ಬೆಟ್ಟಗಳಿಂದ ಜಾರಿದ್ದು 9,400 ಕೋಟಿ ಟನ್. ಬೇರೇನನ್ನೂ ಮುಟ್ಟದೆ ಇದನ್ನಷ್ಟೇ ಹೊತ್ತರೂ ಅಂಥ ನದಿಗೆ ಬೇಕಾಗುವುದು 235 ವರ್ಷ. ಬಿದ್ದ ಮಣ್ಣೆಲ್ಲ ನದಿಗೆ ಇಳಿಯದು; ಬಹುಪಾಲು ಇಳಿಜಾರುಗಳಲ್ಲೇ ತಂಗುತ್ತದೆ. ಆದರೂ ಐದು ನಿಮಿಷಕ್ಕೂ ಇನ್ನೂರು ವರ್ಷಕ್ಕೂ ನಡುವಿನ ಈ ಅನುಪಾತ ದಂಗುಬಡಿಸುವಂಥದು.

ಪರಿಣಾಮ ಕಣ್ಣಿಗೆ ಕಾಣಲು ಅಷ್ಟು ಕಾಲ ಬೇಕಾಗಲಿಲ್ಲ. ದಿಬ್ರೂಗಢದ ಬಳಿ ನದಿಯ ಪಾತ್ರ ಸುಮಾರು 3 ಮೀಟರ್ ಮೇಲೇರಿತು. ತಳ ಏರಿದ ನದಿ ಅಗಲಕ್ಕೆ ಹರಡಿ ದಡಗಳನ್ನು ಕೊರೆಯತೊಡಗಿತು. ಕೆಲವೇ ವರ್ಷಗಳಲ್ಲಿ ದಿಬ್ರೂಗಢದ ದೊಡ್ಡ ಭಾಗ ನದಿಪಾಲಾಯಿತು. ಹಳೆಯ ಸದಿಯಾ ಪಟ್ಟಣ ನೆಲದಿಂದಲೇ ಅಳಿಸಿಹೋಯಿತು. ಅಸ್ಸಾಮಿನಲ್ಲಿ ಇಂದಿಗೂ ಹಿರಿಯರು ನೆರೆಯ ಕಥೆಯನ್ನು ‘ಐವತ್ತರ ಭೂಕಂಪ’ದಿಂದ ಶುರು ಮಾಡುವುದು ಸುಮ್ಮನೆ ಅಲ್ಲ.

ಇಷ್ಟು ಶಕ್ತಿ ಕೂಡಿಟ್ಟದ್ದು ಬಹಳ ನಿಧಾನದ ಒಂದು ಚಲನೆ. ಭಾರತದ ಭೂಫಲಕ ಉತ್ತರಕ್ಕೆ ಒತ್ತುತ್ತಲೇ ಇದೆ. ಆ ಒತ್ತಡದಲ್ಲಿ ಹಿಮಾಲಯದ ಪಾಲಿಗೆ ಬರುವುದು ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ಬಂಡೆಗಳು ಸಿಕ್ಕಿಕೊಂಡು ಐನೂರು ವರ್ಷ ಕದಲದಿದ್ದರೆ ಉಳಿಯುವ ಬಾಕಿ 10 ಮೀಟರ್. ಬಿಟ್ಟುಕೊಂಡಾಗ ಅಷ್ಟನ್ನೂ ನಿಮಿಷಗಳಲ್ಲಿ ತೀರಿಸುತ್ತವೆ. ಹಿಮಾಲಯದ ಉದ್ದಕ್ಕೂ ಈ ಬಾಕಿ ಇವತ್ತೂ ಬೆಳೆಯುತ್ತಿದೆ.

ಬೆಟ್ಟದ ಕೆಳಗಿನ ಲೆಕ್ಕವೂ ಬೆಳೆದಿದೆ. 1951ರಲ್ಲಿ ಸುಮಾರು 80 ಲಕ್ಷವಿದ್ದ ಅಸ್ಸಾಮಿನ ಜನಸಂಖ್ಯೆ 2011ಕ್ಕೆ 3.12 ಕೋಟಿ. ತಡಿಕೆ ಗೋಡೆಯ ಜಾಗಕ್ಕೆ ಇಟ್ಟಿಗೆ, ಕಾಂಕ್ರೀಟು ಬಂದಿವೆ. ಅದೇ ಸುಬನ್‌ಸಿರಿಗೆ ಈಗ 116 ಮೀಟರ್ ಎತ್ತರದ ಅಣೆಕಟ್ಟು. ದಿಬಾಂಗ್‌ಗೆ ಯೋಜಿಸಿರುವುದು 278 ಮೀಟರಿನದು. ಇವನ್ನು ಕಟ್ಟುವವರು ಕಂಪನವನ್ನು ಲೆಕ್ಕ ಹಾಕಿದರೆ ಸಾಲದು, ಅದರ ಬೆನ್ನಿಗೇ ಕಣಿವೆಗೆ ಇಳಿಯುವ ಬೆಟ್ಟಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. 8.6ರ ಭೂಕಂಪಕ್ಕೆ 1,526 ಸಾವು ಎಂಬ ಸಾಲನ್ನು ಓದಿ ನೆಮ್ಮದಿಯಾಗುವವರಿಗೆ ಒಂದು ಮಾತು: ಆ ಸಂಖ್ಯೆಯಲ್ಲಿ ಇರುವುದು ಬಿದಿರಿನ ಹಗುರ, ಸಂಜೆಯ ಎಚ್ಚರ, ಬೆಟ್ಟಗಳಲ್ಲಿ ಜನ ವಿರಳವಾಗಿದ್ದ ಒಂದು ಕಾಲ. ಮುಂದಿನ ಭೂಕಂಪ ಬರುವಾಗ ಆ ಮೂರರಲ್ಲಿ ಎರಡು ಇರುವುದಿಲ್ಲ, ಉಳಿದದ್ದು, ಸಂಜೆಯ ಎಚ್ಚರ, ಅದೃಷ್ಟಕ್ಕೆ ಬಿಟ್ಟದ್ದು.