ಸೊಂಟ ನೋವಿಗೊಂದು ಅಂಕಪಟ್ಟಿ

ಗಾರ್ಮೆಂಟ್ಸ್ ಟೈಲರ್‌ಗೆ ಸೊಂಟ ಹಿಡಿದರೆ ದೂರು ಬರುವುದು ಅವಳ ಮೇಲೆಯೇ. ವಯಸ್ಸಾಯಿತು, ಎರಡು ಹೆರಿಗೆಯಾಗಿದೆ, ಸರಿಯಾಗಿ ಕೂರುವುದಿಲ್ಲ ಎಂಬ ಮಾತುಗಳು ಸಿದ್ಧವಾಗಿರುತ್ತವೆ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಾರ್ಖಾನೆಗಳಲ್ಲಿ ಹೊಲಿಗೆ ಯಂತ್ರದ ಮುಂದೆ ಅವಳಿಗಿರುವ ಜಾಗ ನೋಡಿದರೆ, ಅಲ್ಲಿ ಸರಿಯಾಗಿ ಕೂರುವುದಾದರೂ ಹೇಗೆ ಎನಿಸುತ್ತದೆ.

ಸಾಮಾನ್ಯವಾಗಿ ಸಿಗುವುದು ಒರಗಲು ಬೆನ್ನಾಸರೆ ಇಲ್ಲದ ಸ್ಟೂಲು. ಸೂಜಿ ಕಾಣಬೇಕಾದರೆ ಕತ್ತು ಬಗ್ಗಬೇಕು. ಪಾದ ಪೆಡಲ್ ಮೇಲಿರಬೇಕಾದ್ದರಿಂದ ಹಿಂದೆ ಸರಿಯುವಂತಿಲ್ಲ. ತಲೆ ಮುಂದಕ್ಕೆ ಬಾಗಿದಷ್ಟೂ ಅದನ್ನು ಎತ್ತಿಹಿಡಿಯಲು ಕತ್ತಿನ ಹಿಂಬದಿಯ ಸ್ನಾಯುಗಳು ಬಿಗಿದೇ ಇರಬೇಕು. ಬಿಗಿದ ಸ್ನಾಯುವಿನಲ್ಲಿ ರಕ್ತ ಸರಾಗವಾಗಿ ಹರಿಯದು, ದಣಿವು ಆರದು. ಕಾಲರ್ ಕೂರಿಸುವವರಿಗೆ ದಿನವಿಡೀ ಕಾಲರ್, ಕಫ್ ಹೊಲಿಯುವವರಿಗೆ ಕಫ್. ಒಂದೇ ಚಲನೆಗೆ ಮಣಿಕಟ್ಟು ಸೋಲುತ್ತದೆ. ಚೆಕ್ಕಿಂಗ್, ಐರನಿಂಗ್‌ನವರದು ಪಾಳಿಯುದ್ದಕ್ಕೂ ನಿಂತೇ ಮಾಡುವ ಕೆಲಸ.

ಇದು ಹೊಸ ತಿಳಿವಳಿಕೆಯೇನಲ್ಲ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಾಝ್ಝಿನಿ 1700ರಲ್ಲಿ ಕಸುಬುಗಳಿಂದ ಬರುವ ಕಾಯಿಲೆಗಳ ಬಗ್ಗೆ ಬರೆದ ಪುಸ್ತಕದಲ್ಲೇ ಕೂತು ದುಡಿಯುವ ದರ್ಜಿಗಳ ಬಾಗಿದ ಬೆನ್ನಿನ ಪ್ರಸ್ತಾಪವಿದೆ. ರೋಗಿಯ ಕಸುಬು ಯಾವುದೆಂದು ವೈದ್ಯ ಕೇಳಲೇಬೇಕು ಎಂಬುದು ಅವನ ಸಲಹೆಯಾಗಿತ್ತು.

ಆ ಪ್ರಶ್ನೆಗೆ ಅಳತೆಗೋಲು ಒದಗಿಸಿದ್ದು ಎರ್ಗನಾಮಿಕ್ಸ್, ಅಂದರೆ ಕೆಲಸವನ್ನು ದುಡಿಯುವವರ ಮೈಗೆ ಹೊಂದಿಸುವ ಶಾಸ್ತ್ರ. ಬ್ರಿಟನ್ನಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಮೆಕ್‌ಅಟಮ್ನಿ ಮತ್ತು ಕಾರ್ಲೆಟ್ 1993ರಲ್ಲಿ ಪ್ರಕಟಿಸಿದ 'ರೂಲಾ' ವಿಧಾನ ಗಾರ್ಮೆಂಟ್ಸ್‌ಗೆ ಚೆನ್ನಾಗಿ ಒಗ್ಗುತ್ತದೆ. ಅದನ್ನು ರೂಪಿಸುವಾಗ ಅವರು ಗಮನಿಸಿದವರಲ್ಲಿ ಬಟ್ಟೆ ಕತ್ತರಿಸುವವರು, ಹೊಲಿಯುವವರು, ಪ್ಯಾಕಿಂಗ್‌ನವರೂ ಇದ್ದರು. ದುಬಾರಿ ಉಪಕರಣ ಬೇಡ. ಒಂದು ಹಾಳೆ, ನೋಡುವ ಕಣ್ಣು ಸಾಕು. ಕತ್ತು 20 ಡಿಗ್ರಿಗಿಂತ ಹೆಚ್ಚು ಬಾಗಿದರೆ 3 ಅಂಕ. ತೋಳು, ಮಣಿಕಟ್ಟು, ಬೆನ್ನಿಗೂ ಹೀಗೇ ಅಂಕಗಳಿವೆ. ಒಂದೇ ಭಂಗಿ ನಿಮಿಷಕ್ಕಿಂತ ಹೆಚ್ಚು ಹೊತ್ತು ಮುಂದುವರಿದರೆ, ಅಥವಾ ಒಂದೇ ಚಲನೆ ನಿಮಿಷಕ್ಕೆ 4 ಬಾರಿಗಿಂತ ಹೆಚ್ಚು ಮರುಕಳಿಸಿದರೆ, ಇನ್ನೊಂದು ಅಂಕ. ಇವನ್ನೆಲ್ಲ ಹೊಂದಿಸಿ ಬರುವ ಅಂತಿಮ ಅಂಕ 1 ಅಥವಾ 2 ಆದರೆ ಸರಿ. 7 ಮುಟ್ಟಿದರೆ ತಕ್ಷಣ ಬದಲಾವಣೆ ಆಗಬೇಕು.

ಬದಲಾವಣೆ ಯಂತ್ರದ ಬಳಿಯಿಂದಲೇ ಶುರುವಾಗಬೇಕು. ಎತ್ತರ ಹೊಂದಿಸಬಹುದಾದ, ಬೆನ್ನಾಸರೆಯಿರುವ ಕುರ್ಚಿ, ಟೈಲರ್‌ನ ಮೊಣಕೈಗೆ ಹೊಂದುವ, ಅವಳತ್ತ ತುಸು ಓರೆಯಾದ ಮೇಜು, ಕಾಲಿಗೆ ಎಟುಕುವ ಪೆಡಲ್, ಸೂಜಿಯ ಮೇಲೆ ಬೆಳಕು ಬೇಕು. ಬಟ್ಟೆಯ ಬಂಡಲ್ ಕೈಚಾಚುವಷ್ಟರಲ್ಲೇ ಸಿಗಬೇಕು. ಆಮೇಲೆ ಬರುವುದು ಕೆಲಸದ ಅದಲುಬದಲು. ಅದು ಬೇರೆ ಸ್ನಾಯುಗಳನ್ನು ದುಡಿಸುವಂತಿರಬೇಕು. ಬೆಳಗಿನ ಐದು ನಿಮಿಷದ ವ್ಯಾಯಾಮ, ಸೊಂಟದ ಬೆಲ್ಟು ಕೊನೆಯ ಸಾಲಿನವು. ಅವು ಅಗ್ಗವಾದ್ದರಿಂದ ಮೊದಲು ನೆನಪಾಗುತ್ತವೆ, ಅಷ್ಟೆ.

ರೂಲಾಕ್ಕೂ ಒಂದು ಮಿತಿಯಿದೆ. ಅದು ಅಳೆಯುವುದು ಆ ಗಳಿಗೆಯ ಭಂಗಿಯನ್ನು. ಆ ಭಂಗಿಯಲ್ಲಿ ಎಷ್ಟು ಗಂಟೆ ಕಳೆಯಿತು ಎಂಬುದನ್ನಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಆ ಹಾಳೆಯಲ್ಲಿ ಎಲ್ಲೂ ಇಲ್ಲ. ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋದರೆ ಪೀಸ್ ಕಡಿಮೆಯಾಗುತ್ತದೆ ಎಂದು ಬಾಟಲಿ ಮುಟ್ಟದವಳಿಗೆ ಎಷ್ಟು ಒಳ್ಳೆಯ ಕುರ್ಚಿ ಕೊಟ್ಟರೂ ಎದ್ದು ಮೈಮುರಿಯಲು ಪುರುಸೊತ್ತಿಲ್ಲ. ನೋವಿನ ಮಾತ್ರೆ ನುಂಗಿ ಮತ್ತೆ ಯಂತ್ರಕ್ಕೆ ಬಾಗುತ್ತಾಳೆ.

ಕಾನೂನಿನ ಗಮನವೂ ಅರ್ಧವೇ. 1948ರ ಕಾರ್ಖಾನೆಗಳ ಕಾಯ್ದೆಯ 44ನೇ ಕಲಂ ನಿಂತು ದುಡಿಯುವವರಿಗೆ ಬಿಡುವಿನಲ್ಲಿ ಕೂರಲು ಆಸನ ಇರಬೇಕೆಂದಿತು. ಅದೇ ಕಾಯ್ದೆಯ ಮೂರನೇ ಅನುಸೂಚಿ ಸೀಸದ ವಿಷ, ಸಿಲಿಕೋಸಿಸ್‌ನಂಥ ಕಾಯಿಲೆಗಳನ್ನು ವರದಿ ಮಾಡಲೇಬೇಕೆಂದು ಪಟ್ಟಿ ಮಾಡಿತು. ಸೊಂಟ, ಕತ್ತಿನ ನೋವಿಗೆ ಅದರಲ್ಲಿ ಜಾಗ ಸಿಗಲಿಲ್ಲ. ವರದಿಯಾಗದ ನೋವು ಲೆಕ್ಕಕ್ಕೆ ಬರುವುದಿಲ್ಲ.

ಹಾಗಾಗಿ ಅಂಕ ಹಾಕಲು ಬರುವವರು ಟೈಲರ್‌ನ ಕತ್ತಿನ ಕೋನದ ಪಕ್ಕದಲ್ಲೇ ಆ ಲೈನಿನ ಟಾರ್ಗೆಟ್ಟನ್ನೂ, ಆ ದಿನ ಅವಳು ಎಷ್ಟು ಸಲ ಎದ್ದಳು ಎಂಬುದನ್ನೂ ಬರೆದುಕೊಳ್ಳಬೇಕು. ಕುರ್ಚಿ, ಟಾರ್ಗೆಟ್ ಎರಡನ್ನೂ ಬದಲಿಸಿದ ಮೇಲೆ ಅದೇ ಹಾಳೆ ಹಿಡಿದು ಮತ್ತೆ ಅಳೆಯಬೇಕು. ಎಲ್ಲಿ ನೋಯುತ್ತದೆ, ಯಾವಾಗ ಹೆಚ್ಚಾಗುತ್ತದೆ ಎಂದು ಅವಳನ್ನು ಕೇಳಬೇಕು. ಆ ಹೊತ್ತಿಗೆ ಸೂಪರ್‌ವೈಸರ್ ಪಕ್ಕದಲ್ಲಿ ನಿಂತಿರಬಾರದು.